ರೇಣುವಿನ ಕೈ, ಇಂಗಾಲದ ಎಳೆ

ಅಮೆರಿಕದ ಪ್ರಿನ್ಸ್‌ಟನ್ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ರೇಣು ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಮಾಡುತ್ತಿದ್ದಳು. ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯನ್ನು ಗಾಜಿನ ಸಣ್ಣ ಕೊಳವೆಗೆ ತೂರಿಸಿ, ಕೊಳವೆಯನ್ನು ಕಾಯಿಸಿ ಎಳೆದರೆ ಗಾಜು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ತುದಿ ಕತ್ತರಿಸಬೇಕು. ಜೋರಾಗಿ ಉಸಿರು ಬಿಟ್ಟರೂ ಎಳೆ ಹಾರಿಹೋಗುತ್ತಿತ್ತು. ಆ ತುದಿಯನ್ನು ಇಲಿಯ ಮೆದುಳಿನ ಹೋಳಿಗೆ ಊರಿದರೆ, ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕ ಬಿಡುವುದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಆ ಕೋಶಗಳು ಸಾಯತೊಡಗಿದರೆ ಮನುಷ್ಯನಿಗೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ. ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

೧೯೮೮ರ ಚಳಿಗಾಲದಲ್ಲಿ ಅವಳ ಬಲಗೈ ಹೆಬ್ಬೆರಳು ತಾನಾಗಿ ಅದುರತೊಡಗಿತು. ಎಳೆಗಳು ಮುರಿದವು. ಕೈಯನ್ನು ಕೋಟಿನ ಜೇಬಿಗೆ ತುರುಕಿ ದಿನ ದೂಡಿದಳು. ಒಂದು ಭಾನುವಾರ ಊಟಕ್ಕೆ ಕೂತಾಗ, ಮೇಜಿನ ಮೇಲಿಟ್ಟ ಕೈ ಅದುರಿ ಚಮಚ ಕಟಕಟ ಅಂದಿತು.

"ಏನೇ ಇದು?" ಎಂದ ಗಂಡ ಗುರುರಾಜ.

"ಚಳಿ ಕಣ್ರೀ."

"ಹೀಟರ್ ಆನ್ ಇದೆಯಲ್ಲೇ. ನಾಳೆನೇ ಡಾಕ್ಟರ್ ಹತ್ರ ಹೋಗೋಣ."

"ಅವರು ಏನು ಹೇಳ್ತಾರೆ ಅಂತ ನನಗೆ ಗೊತ್ತು ರೀ," ಎಂದವಳೇ ಅತ್ತುಬಿಟ್ಟಳು.

ಡಾಕ್ಟರು ಅದನ್ನೇ ಹೇಳಿದರು. ಮಾತ್ರೆಯಿಂದ ಕೈ ಒಂದಿಷ್ಟು ಹತೋಟಿಗೆ ಬಂತು, ಆದರೆ ಆ ಕೆಲಸಕ್ಕೆ ಅಷ್ಟು ಸಾಲದು. ರೇಣು ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರಿಗೆ ತಾನೇ ಹೋಗಿ ತಿಳಿಸಿದಳು. ಅವರು ಆ ಕೆಲಸವನ್ನು ಟೋನಿಗೆ ಕಲಿಸಿಕೊಡುವಂತೆ ಕೇಳಿಕೊಂಡರು.

ಟೋನಿ ಹೋಬೋಕನ್ ಎಂಬ ಊರಿನವನು, ಪ್ರಯೋಗಾಲಯದಲ್ಲಿ ಯಂತ್ರಗಳ ರಿಪೇರಿ ನೋಡುತ್ತಿದ್ದ. ದಪ್ಪ ಬೆರಳು, ತಾಳ್ಮೆ ಕಡಿಮೆ. ವಾರಗಟ್ಟಲೆ ಮುರಿದು ಮುರಿದು ಕೊನೆಗೆ ಚಿಮುಟ ಎಸೆದ.

"ನನ್ನ ಕೈಲಾಗಲ್ಲ ರೇಣು. ಇದು ನಿನ್ನ ಕೈ ಕೆಲಸ."

"ನನ್ನ ಕೈ ಈಗ ಇದು, ಟೋನಿ." ಅಷ್ಟು ದಿನ ಜೇಬಿನಲ್ಲಿ ಅಡಗಿಸಿದ್ದ ಕೈಯನ್ನು ಅವನ ಮುಂದೆ ಇಟ್ಟಳು.

ಟೋನಿ ಅದನ್ನು ನೋಡಿದ. ಚಿಮುಟ ಎತ್ತಿಕೊಂಡ.

ಬೇಸಿಗೆಯಲ್ಲಿ ಅವನು ಮಾಡಿದ ಎಲೆಕ್ಟ್ರೋಡ್ ಮೆದುಳಿನ ಹೋಳಿಗೆ ಇಳಿಯಿತು. ಪರದೆಯ ಗೆರೆ ಸರ್ರನೆ ಮೇಲೆದ್ದಿತು. ಎಲ್ಲರೂ ಅವನ ಬೆನ್ನು ತಟ್ಟಿದಾಗ ರೇಣುವಿಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅದಕ್ಕೆ ತಾನೇ ನಾಚಿ, "ಇನ್ನೊಂದ್ಸಲ ತೋರಿಸಿ," ಎಂದಳು. ಗೆರೆ ಮತ್ತೆ ಎದ್ದಿತು. ಇಷ್ಟು ಸಣ್ಣ ಇಲಿಯಲ್ಲಿ ಇಷ್ಟು ಧಾರಾಳವಾಗಿರುವುದು ತನ್ನಲ್ಲಿ ಬತ್ತುತ್ತಿದೆ ಎಂದುಕೊಳ್ಳುತ್ತ, ಅದು ಇಳಿದು ಸಮವಾಗುವವರೆಗೂ ನೋಡಿದಳು.

ಆಮೇಲೂ ಕೆಲವು ವರ್ಷ ಹೊಸಬರಿಗೆ ಕಲಿಸುತ್ತ ಅಲ್ಲಿಯೇ ಇದ್ದಳು. ೧೯೯೨ರಲ್ಲಿ, ನಡೆಯುವುದೂ ಕಷ್ಟವಾದಾಗ, ಕೆಲಸ ಬಿಟ್ಟಳು. ಕೊನೆಯ ದಿನ ಗುರುರಾಜ ಕಾರು ತರುವಷ್ಟರಲ್ಲಿ ಟೋನಿ ಅವಳ ಕೋಟಿನ ಗುಂಡಿ ಹಾಕಿದ.

"ಗಾಜು ಬಿರುಕು ಬಿಟ್ಟರೆ ಇನ್ನು ಯಾರನ್ನು ಕೇಳಲಿ?"

"ಕಾವು ಕಡಿಮೆ ಮಾಡು. ಆಗಲೂ ಬಿರುಕು ಬಿಟ್ಟರೆ ಫೋನ್ ಮಾಡು."

ಮರುದಿನವೇ ಟೋನಿ ಫೋನ್ ಮಾಡಿದ.