ಅಮೆರಿಕದ ಕಾಡಂಚಿನವರೂ ನಮ್ಮಪ್ಪನ ಚುನಾವಣೆಯೂ

ನಮ್ಮಪ್ಪ ಚುನಾವಣೆಗೆ ನಿಂತದ್ದು ನನ್ನಿಂದಲ್ಲ. ಆದರೆ ನಿಂತ ಮೇಲೆ ಕೆಟ್ಟದ್ದು ಮಗಳು ಓದಿ ಹೇಳಿದ ಪುಸ್ತಕದಿಂದ ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ, ಊರ ಬಾಯಿಗೆ ಮುಚ್ಚಳ ಉಂಟೇ? ಅದರಲ್ಲಿ ಅರ್ಧ ನಿಜ. ಉಳಿದರ್ಧ ಅವರಿಗೆ ಗೊತ್ತಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಗುಂಡ್ಲುಪೇಟೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಗಾಡಿಯಲ್ಲಿ ಹರದನಹಳ್ಳಿಯ ಮನೆ ಸೇರುತ್ತಿದ್ದೆ. ಶಾಲೆಯ ಬೀರುವಿನಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಹಿಂದಿನ ಶತಮಾನದಲ್ಲಿ ಅಮೆರಿಕದ ಕಾಡಂಚಿನಿಂದ ಮೇಲೆ ಬಂದ ರಾಜಕಾರಣಿಗಳ ಚರಿತ್ರೆ. ಬೇರೆ ಯಾರೂ ಮುಟ್ಟದ ಪುಸ್ತಕವಾದ್ದರಿಂದ ಮನೆಗೆ ತಂದೆ. ಅದೇ ಹೊತ್ತಿಗೆ ಅಪ್ಪ ಯಾವ ಪಕ್ಷವೂ ಬೇಡವೆಂದು ಒಬ್ಬನೇ ಚುನಾವಣೆಗೆ ನಿಂತಿದ್ದ. ಅಪ್ಪನಿಗೆ ಇಂಗ್ಲಿಷ್ ಬಾರದು. ಭಾನುವಾರ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂರುವನು, ನಾನು ಓದಿ ಕನ್ನಡದಲ್ಲಿ ಹೇಳುವುದು.

ಕೇಳಿ ಕೇಳಿ ಅಪ್ಪನಿಗೆ ಹುಚ್ಚೇ ಹಿಡಿಯಿತು. ಆ ಜನ ಒಬ್ಬೊಬ್ಬರೂ ಒಂದೊಂದು ಬಗೆ. ಒಬ್ಬ ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿ, ಕೊಡಲಿ ಹಿಡಿದು ಬೇಲಿಗೂಟ ಸೀಳಿ ಬದುಕಿದವನು. ಇನ್ನೊಬ್ಬ ಕರಡಿ ಬೇಟೆಗಾರ, ತೊಗಲಿನ ಟೋಪಿಯಲ್ಲೇ ಶಾಸನಸಭೆಗೆ ಹೋದವನು. ಮತ್ತೊಬ್ಬ ಕಾನೂನು ಪುಸ್ತಕಗಳನ್ನು ಕುದುರೆಯ ಮೇಲೆ ಹೇರಿಕೊಂಡು ಊರೂರು ತಿರುಗಿದ ವಕೀಲ. ಕಡಿದ ಮರದ ಬೊಡ್ಡೆ ಹತ್ತಿ ಭಾಷಣ ಮಾಡುತ್ತಿದ್ದರಂತೆ. ಎದುರಾಳಿಗಳಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಬೈಯುತ್ತಿದ್ದರಂತೆ. ಎಲ್ಲಕ್ಕಿಂತ ಅಪ್ಪನಿಗೆ ಹಿಡಿಸಿದ್ದು, ಯಾವ ಬಡವನ ಗುಡಿಸಲಿಗೆ ಹೋದರೂ ಅವನ ಒಲೆಯ ಮುಂದೆ ಕೂತು ಕೊಟ್ಟದ್ದನ್ನು ಉಂಡು ಓಟು ಕೇಳುತ್ತಿದ್ದರು ಎಂಬುದು. ಅವರು ಉಣ್ಣುತ್ತಿದ್ದದ್ದು ಹಂದಿ ಮಾಂಸ ಎಂಬುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ವಿಭೂತಿ ಬಳಿದ ಹಣೆಯನ್ನು ಗಂಟಿಕ್ಕಿಕೊಂಡು ಪುಸ್ತಕವನ್ನು ಅಂಗಳಕ್ಕೆ ಎಸೆಯುತ್ತಿದ್ದ.

ಒಂದು ಸಲ ಮಾತ್ರ ಅಪ್ಪ ನಡುವೆ ತಡೆದು, ಆ ಕಾಡಿನಲ್ಲಿ ಮೊದಲಿಂದ ಇದ್ದ ಜನ ಏನಾದರು ಎಂದು ಕೇಳಿದ. ಇದೇ ದೊಡ್ಡ ಮನುಷ್ಯರು ಅವರನ್ನು ಓಡಿಸಿ ನೆಲ ಹಂಚಿಕೊಂಡರು ಎಂದೆ. ಅಪ್ಪ ಎಲೆಯ ತೊಟ್ಟು ಮುರಿಯುತ್ತ, ಅದಿರಲಿ, ಮುಂದಕ್ಕೆ ಓದು ಎಂದ.

ಆಮೇಲೆ ಶುರುವಾಯಿತು ನೋಡಿ ಇವನ ಅಮೆರಿಕ. ಪುಣಜನೂರಿಗೆ ಹೋಗಿ ರಸ್ತೆ ಬದಿಯ ಒಂದು ಬೊಡ್ಡೆ ಹತ್ತಿ ನಿಂತ. ಕೇಳುವವರಿಗೆ ಭಾಷಣಕ್ಕಿಂತ ಇವನು ಬಿದ್ದಾನು ಎಂಬುದೇ ಚಿಂತೆ. ಯಾರೋ ಓಡಿ ಹೋಗಿ ಫಾರೆಸ್ಟಿನವರಿಂದ ಕುರ್ಚಿ ತಂದು ಹಾಕಿದರು. ಅದರ ಮೇಲೆ ಕೂತು ತಾನು ಗುಡಿಸಲಲ್ಲಿ ಹುಟ್ಟಿದವನೆಂದು ಹೇಳಿದ. ನನಗೆ ಮೈ ಉರಿದುಹೋಯಿತು. ನಮ್ಮಪ್ಪ ಹುಟ್ಟಿದ್ದು ತೊಟ್ಟಿಮನೆಯಲ್ಲಿ. ಕೊಡಲಿ ಹಿಡಿಯುವುದಿರಲಿ, ತನ್ನ ಎಲೆಯ ತೊಟ್ಟು ಮುರಿಯುವುದೇ ಅವನ ದೊಡ್ಡ ಕೆಲಸ. ಮನೆಗೆ ಬಂದು ಕೇಳಿದರೆ, ಓಟಿನ ಕಾಲದಲ್ಲಿ ಅಷ್ಟೂ ಇಲ್ಲದಿದ್ದರೆ ಹೇಗೆ ಎಂದು ನಕ್ಕ.

ನಮ್ಮೂರ ಕೆಳಗಿನ ಕೇರಿಯಲ್ಲಿ ಕೂಲಿ ಮಾಡುವವರ ಮನೆಗಳೇ ಎಲ್ಲ. ಆ ಕೇರಿಯ ಓಟು, ಅದನ್ನು ನೋಡಿ ಹಾಕುವ ಸುತ್ತಲ ಕೇರಿಗಳ ಓಟು ಪೂರ್ತಿ ಬಿದ್ದರೆ ಅಪ್ಪ ಗೆಲ್ಲುತ್ತಾನೆ, ಇಲ್ಲದಿದ್ದರೆ ಇಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಅಲ್ಲಿ ನಿಂತು ಅಪ್ಪ ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ:

“ನಾನೂ ನಿಮ್ಮೋನೇ ಕಣ್ರಪ್ಪಾ. ನಿಮ್ಮನೇಲಿ ಉಣ್ಣಕ್ಕೂ ಸೈ, ಮನಿಕ್ಕಳಕ್ಕೂ ಸೈ. ಯಾವತ್ತು ಕರದ್ರೂ ಬತ್ತೀನಿ.”

ನಮ್ಮ ಕಡೆ ಇದಕ್ಕೆ ಅರ್ಥವೇ ಇಲ್ಲ. ಉಣ್ಣುವ ಹೊತ್ತಿಗೆ ಬಾಗಿಲ ಮುಂದೆ ಯಾರು ಹಾದುಹೋದರೂ ಬನ್ನಿ ಉಣ್ಣನ ಎನ್ನುತ್ತೇವೆ. ಆಯಿತು ಉಣ್ಣಿ, ಇನ್ನೊಂದಿನ ಬತ್ತೀನಿ ಎಂದು ಅವರು ಹೋಗುತ್ತಾರೆ. ಕರೆದವರೂ ತಟ್ಟೆ ಹಾಕುವುದಿಲ್ಲ, ಬರುತ್ತೇನೆ ಎಂದವರೂ ಬರುವುದಿಲ್ಲ. ಅಪ್ಪ ಅಂದದ್ದು ಅಂಥದೇ ಬಾಯುಪಚಾರದ ಮಾತು. ಆದರೆ ಮೇಲಿನ ಬೀದಿಯವರು ಕೇರಿಗೆ ಹೋಗಿ ಆ ಮಾತನ್ನು ಆಡಿದ್ದು ಅದೇ ಮೊದಲು. ಕೇರಿಯವರು ಅದನ್ನು ಕೊಟ್ಟ ಮಾತು ಎಂದೇ ತಿಳಿದರು.

ಮಾರನೆಯ ಬೆಳಿಗ್ಗೆ ಕೇರಿಯ ಮುದುಕಿಯೊಬ್ಬಳು ನಮ್ಮ ಅಂಗಳದ ಆಚೆ ಬಂದು ನಿಂತಳು. ನಮ್ಮ ಗದ್ದೆಯ ನಾಟಿಗೆ ಅವಳೇ ಮುಂದಾಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಲದಿಂದ ಹೊಲಕ್ಕೆ ತಿರುಗಿದವಳು. ಮನೆಗೆ ಬಂದ ಮೇಲೆ ನನ್ನ ತಲೆಗೆ ನೀರು ಹಾಕುತ್ತಿದ್ದರು, ಅದು ಬೇರೆ ಮಾತು. ಸೋಮವಾರ ಊಟಕ್ಕೆ ಬರಬೇಕು, ನಮ್ಮ ಟೀಚರವ್ವನೂ ಬರಬೇಕು ಎಂದಳು. ಸೋಮವಾರ ಶಿವನ ವಾರ, ಅವತ್ತು ಕೇರಿಯಲ್ಲಿ ಯಾರ ಮನೆಯಲ್ಲೂ ಬಾಡು ಬೇಯಿಸದಂತೆ ತಾನೇ ಹೇಳಿಟ್ಟಿದ್ದೇನೆ ಎಂದಳು. ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅಪ್ಪ ಆಗಲಿ ಎಂದ.

ನಾನು ಶಾಲೆಗೆ ರಜ ಹಾಕಿದೆ. ಖುಷಿಯಿಂದಲೇ ಹಾಕಿದೆ, ಸುಳ್ಳು ಯಾಕೆ ಹೇಳಲಿ. ನಮ್ಮಪ್ಪ ಉಂಡರೆ ಹರದನಹಳ್ಳಿಯಲ್ಲಿ ಯಾರೂ ಮಾಡದ್ದನ್ನು ಮಾಡಿದಂತೆ. ಓದಿ ಹೇಳಿದವಳು ನಾನು. ಆ ಹೆಮ್ಮೆಯಲ್ಲಿ ಹೊಸ ಸೀರೆ ಉಟ್ಟುಕೊಂಡು ಅಪ್ಪನ ಹಿಂದೆ ಹೋದೆ.

ಮುದುಕಿಯ ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಇಡೀ ಕೇರಿ ಕೆಲಸ ಬಿಟ್ಟು ನಿಂತಿತ್ತು. ಒಳಗೆ ಎರಡು ಮಣೆ, ಎರಡು ಬಾಳೆಲೆ. ಕೂತೆವು. ಮುದ್ದೆ ಬಂತು, ಅವರೆಕಾಳಿನ ಸಾರು ಬಂತು. ಮುದುಕಿ ಕೈಕಟ್ಟಿ ನಿಂತು ಹೇಳಿದಳು:

“ಈ ಮಡ್ಕೇಲಿ ಬಾಡು ಬೇಯ್ಸಿಲ್ಲ ಬುದ್ಧಿ. ಒಸ ಮಡ್ಕೆ. ನಾನೂ ಮಿಂದೇ ಮಾಡಿವ್ನಿ. ಅನ್ಮಾನ ಪಡ್ಬೇಡಿ, ಉಣ್ಣಿ.”

ಅಪ್ಪನ ಕೈ ಎಲೆಯ ಹತ್ತಿರ ಹೋಯಿತು. ಅಲ್ಲಿಂದ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. ಬಾಗಿಲಲ್ಲಿ ನಿಂತವರೆಲ್ಲ ಅದನ್ನು ನೋಡಿದರು. ಅಪ್ಪ ಮೆಲ್ಲಗೆ, ಸೋಮವಾರ ತನಗೆ ಒಪ್ಪತ್ತು, ರಾತ್ರಿ ಪೂಜೆಯಾಗುವವರೆಗೆ ಏನೂ ಮುಟ್ಟುವುದಿಲ್ಲ, ಅವತ್ತು ಹೇಳುವುದು ಮರೆತೆ ಎಂದ. ಅಯ್ಯೋ ಶಿವನೇ! ನಮ್ಮಪ್ಪ ಯಾವ ಸೋಮವಾರವೂ ಒಪ್ಪತ್ತು ಮಾಡಿದವನಲ್ಲ. ಆವತ್ತು ಬೆಳಿಗ್ಗೆ ಹುಚ್ಚೆಳ್ಳು ಚಟ್ನಿಯ ಜೊತೆ ಮೂರು ರೊಟ್ಟಿ ತಿಂದಿದ್ದ, ನಾನೇ ಬಡಿಸಿದ್ದೆ.

ಮುದುಕಿ ನನ್ನ ಮುಖ ನೋಡಿದಳು. ಅಪ್ಪ ಎಲೆಗೆ ಕೈಮುಗಿದು ಎದ್ದ. ನಾನೂ ಎದ್ದೆ.

ಆ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಓಟಿನ ಪೆಟ್ಟಿಗೆ. ಮೇಲೆ ಗುರುತು ಅಂಟಿಸಿರುತ್ತಿದ್ದರು. ಜನ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕುವುದು. ಕೇರಿಯವರು ಓಟಿನ ದಿನ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು, ಸಾಲಾಗಿ ಬಂದು, ಅಪ್ಪನಿಗೆ ಕೈಮುಗಿದು ಒಳಗೆ ಹೋದರು. ಅಪ್ಪ ಸೋತ. ಯಾರಿಗೆ ಹಾಕಿದೆವು ಎಂಬುದನ್ನು ಅವರೇನೂ ಮುಚ್ಚಿಡಲಿಲ್ಲ. ನಾಟಿಗೆ ಮಾತ್ರ ಎಂದಿನಂತೆ ಬಂದರು, ಮುದುಕಿಯೂ ಬಂದಳು.

ಸೋತ ಮೇಲಿನ ಭಾನುವಾರ ಅಪ್ಪ ಜಗಲಿಯಲ್ಲಿ ಕೂತು ಪುಸ್ತಕವನ್ನು ಬೈದ. ಆ ಅಮೆರಿಕದವರೆಲ್ಲ ಸುಳ್ಳರು, ಬರೆದವನು ಇನ್ನೂ ದೊಡ್ಡ ಸುಳ್ಳ, ಓದಿದ ನೀನು ಬುದ್ಧಿಗೇಡಿ ಎಂದ. ತಡೆದುಕೊಂಡಿದ್ದದ್ದೆಲ್ಲ ನನ್ನ ಬಾಯಿಗೆ ಬಂತು. ಅವರು ಸುಳ್ಳು ಹೇಳುತ್ತಿದ್ದದ್ದು ನಿಜ, ಆದರೆ ಕೂತ ಮೇಲೆ ಉಂಡೇ ಏಳುತ್ತಿದ್ದರು ಎಂದೆ. ಮೂರು ರೊಟ್ಟಿಯ ಮಾತನ್ನೂ ಎತ್ತಿದೆ. ಹೊಸ ಮಡಕೆಯಲ್ಲಿ ಬೇಯಿಸಿದ ಆ ಮುದುಕಿಯ ಮುಖ ನೋಡಿ ಏಳಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದೆ.

ಅಪ್ಪ ಸಿಟ್ಟಾಗಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೂತು, ಹೇಳಿದ:

“ನಾನು ಓಟಿಗೆ ಓಗಿದ್ದೋನು ಕಣಮ್ಮಿ. ಸುಳ್ಳೇಳ್ದೆ, ಸೋತೆ, ಆಯ್ತು. ನಿಂಗೆ ಯಾವ ಓಟು ಬೇಕಿತ್ತು? ಅವಳ ಸೊಂಟದ ಮ್ಯಾಲೆ ಬೆಳ್ದೋಳು ನೀನು. ನಿನ್ ಮುಂದೂ ಎಲೆ ಇತ್ತಲ್ಲ, ನೀನ್ಯಾಕೆ ಉಣ್ನಿಲ್ಲ?”

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದೆ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.