ದನಿಯ ಕೆಳಗಿನ ಸದ್ದು

ಮಲ್ಲಣ್ಣನ ದನಿ ಹೋದದ್ದು ಕುಡಿತದಿಂದಲ್ಲ. ನಾನು ಕೆಡಿಸಿದೆ. ಕೆಡುತ್ತಿದೆಯೆಂದು ಅವನಿಗಿಂತ ಮೊದಲು ನನಗೆ ತಿಳಿದಿತ್ತು — ತಿಳಿದೂ ಹಾಡಿಸಿದೆ.

ಮಲ್ಲಣ್ಣ ನನ್ನ ತಂಗಿ ನಾಗಮ್ಮನ ಗಂಡ. ಅದಕ್ಕೂ ಮೊದಲು ನನ್ನ ಗೆಳೆಯ. ಇಬ್ಬರೂ ಆಳಂದದ ಹತ್ತಿರದ ಮಟಕಿ ಎಂಬ ಊರಿನವರು. ಅವನು ಮಠದ ಭಜನೆಯಲ್ಲಿ ವಚನ ಹಾಡಿದರೆ ಹೊರಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವರೂ ನಿಂತು ಕೇಳುತ್ತಿದ್ದರು. ನಾನು ಆಳಂದದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತ, ರೇಡಿಯೊ ರಿಪೇರಿ ಮಾಡುತ್ತ ಇದ್ದವನು. ಎಪ್ಪತ್ತರ ದಶಕದ ಕೊನೆಗೆ ಮುಂಬಯಿಗೆ ಹೋದೆ. ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ವೈರು ಸುತ್ತುವುದರಿಂದ ಶುರುಮಾಡಿ ಯಂತ್ರದ ಮುಂದಿನ ಕುರ್ಚಿಯವರೆಗೆ ಬಂದೆ. ಆ ಹೊತ್ತಿಗೆ ಅಲ್ಲಿ ಉದ್ದ ಕೂದಲು ಬಿಟ್ಟ ಹುಡುಗರ ಬ್ಯಾಂಡುಗಳು ಹುಟ್ಟಿಕೊಂಡಿದ್ದವು. ಹೆವಿ ಮೆಟಲ್ — ಗಿಟಾರು ಗುಡುಗಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಹಾಡುವವನು ಹಾಡಬಾರದು, ಅಬ್ಬರಿಸಬೇಕು. ಬೇರೆ ಇಂಜಿನಿಯರುಗಳು ಆ ಸದ್ದಿಗೆ ಹೆದರಿ ತಗ್ಗಿಸುತ್ತಿದ್ದರು. ನಾನು ತಗ್ಗಿಸಲಿಲ್ಲ. ಅದರಿಂದಲೇ ಹೆಸರು ಬಂತು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಬ್ಯಾಂಡಿನ ಇಡೀ ಕ್ಯಾಸೆಟ್ ನನ್ನ ಜವಾಬ್ದಾರಿಗೆ ಬಂತು. ಪ್ರೊಡ್ಯೂಸರ್ ಎಂದು ಮೊದಲ ಸಲ ನನ್ನ ಹೆಸರು ಅಚ್ಚಾಗಬೇಕಿತ್ತು. ರೆಕಾರ್ಡಿಂಗಿನ ವಾರವೇ ಅವರ ಹಾಡುಗಾರ ಜಗಳವಾಡಿ ಬಿಟ್ಟುಹೋದ. ಕೆಲಸ ಹುಡುಕಿಕೊಂಡು ಬಂದಿದ್ದ ಮಲ್ಲಣ್ಣ ಆಗ ನನ್ನ ಖೋಲಿಯಲ್ಲೇ ಇದ್ದ. ಇಂಗ್ಲಿಷ್ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು ಅವನನ್ನು ಮೈಕಿನ ಮುಂದೆ ನಿಲ್ಲಿಸಿದೆ. ಹೊಕ್ಕುಳಿಂದ ಎದ್ದು ಬಂತು ದನಿ. ನಗಲು ಸಿದ್ಧವಾಗಿದ್ದ ಹುಡುಗರು ಗಿಟಾರು ಎತ್ತಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಹೆಡ್‌ಫೋನಿನಲ್ಲಿ ಅದು ಕೇಳಿಸಿತು. ಅವನ ದನಿಯ ಕೆಳಗೆ ಇನ್ನೊಂದು ಸದ್ದು — ಸಣ್ಣಗೆ, ಬಟ್ಟೆ ಹರಿದಂತೆ. ಮೈಕ್‌ಸೆಟ್ಟಿನ ಕಾಲದಿಂದಲೂ ನನಗೆ ಅದರ ಗುರುತಿದೆ. ಸ್ಪೀಕರಿನೊಳಗಿನ ಕಾಗದ ಬಿರಿಯತೊಡಗಿದಾಗ ಹೀಗೆಯೇ ಕೇಳುತ್ತದೆ. ಕೂಡಲೇ ಬಂದ್ ಮಾಡಿದರೆ ಉಳಿಯುತ್ತದೆ, ಇಲ್ಲವಾದರೆ ಪೂರಾ ಹರಿಯುತ್ತದೆ. ಸ್ಪೀಕರಾಗಿದ್ದರೆ ನಾನು ಬಂದ್ ಮಾಡುತ್ತಿದ್ದೆ.

ಆದರೆ ಆ ಸದ್ದು — ಹೇಗೆ ಹೇಳಲಿ — ಚೆನ್ನಾಗಿತ್ತು. ಎಷ್ಟೋ ವರ್ಷ ಯಂತ್ರದಲ್ಲಿ ಹುಡುಕಿಯೂ ಸಿಗದಿದ್ದದ್ದು ಮನುಷ್ಯನ ಗಂಟಲಿಂದ ಬರುತ್ತಿತ್ತು. ಮೈ ಜುಮ್ಮೆಂದಿತು.

ಮಲ್ಲಣ್ಣ ಹಾಡು ನಿಲ್ಲಿಸಿ ಗಂಟಲು ಹಿಡಿದುಕೊಂಡ.

“ಶಿವರಾಯಾ, ಒಳಗ ಏನೋ ಹರದಂಗ ಆಗಾಕತ್ತದ. ನಿನಗೇನರ ಬ್ಯಾರೆ ಕೇಳಸಾಕತ್ತದೇನು?”

“ಏನೂ ಇಲ್ಲೋ. ಇನ್ನೊಮ್ಮಿ ಹಾಡು.”

“ನಿನ್ನ ಕಿವಿ ಮ್ಯಾಲ ಭರೋಸಾ ಇಟ್ಟು ಹಾಡ್ತೇನಿ ನೋಡು.”

ಹಾಡಿದ. ನಾನು ಎದ್ದು ಹೋಗಿ ಮೈಕನ್ನು ಅವನ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದೆ. ಹರಿಯುವ ಸದ್ದು ಮೇಲೆದ್ದು ಬರುವಂತೆ ಗುಂಡಿ ತಿರುಗಿಸಿದೆ. ಮತ್ತೆ ಇನ್ನೊಮ್ಮೆ ಎಂದೆ. ಮರುದಿನವೂ ಎಂದೆ. ನೀರು ಕುಡಿದು ಅವನು ಲೋಟ ಕೆಳಗಿಟ್ಟಾಗ ಅಂಚಿನಲ್ಲಿ ಕೆಂಪು ಕಂಡಿತು. ಅವನು ಎಲೆಅಡಿಕೆ ಹಾಕುವವನಲ್ಲ. ಅದು ಗೊತ್ತಿದ್ದೂ, ಕಣ್ಣಾರೆ ಕಂಡೂ... ಕೊನೆಯ ಹಾಡೊಂದು ಬಾಕಿ ಇತ್ತು.

ಅದು ಮುಗಿದ ಮರುದಿನ ಬೆಳಿಗ್ಗೆ ಚಹಾ ಕೇಳಲು ಅವನು ಬಾಯಿ ತೆರೆದ. ಬರಿ ಗಾಳಿ ಬಂತು. ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ, ನೋವು ಶುರುವಾದ ದಿನವೇ ನಿಲ್ಲಿಸಿದ್ದರೆ ಉಳಿಯುತ್ತಿತ್ತೇನೋ ಎಂದರು. ಮಲ್ಲಣ್ಣ ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸಿದ. ನಾನು ಡಾಕ್ಟರ ಫೀಸು ಕೊಟ್ಟು ಅವನನ್ನು ಹೊರಗೆ ಕರೆತಂದೆ.

ಊರಿಗೆ ಕರೆತಂದೆ. ಅವನಲ್ಲಿ ಪಿಸುದನಿ ಮಾತ್ರ ಉಳಿದಿತ್ತು. ಮುಂಬಯಿಗೆ ಹೋಗಿ ಕುಡಿದು ಗಂಟಲು ಸುಟ್ಟುಕೊಂಡ ಎಂದು ಮಠದ ಕಟ್ಟೆಯ ಮೇಲೆ ಮಾತು ಹುಟ್ಟಿತು. ನಾಗಮ್ಮ ಅವನೆದುರಿಗೇ ನನ್ನನ್ನು ಕೇಳಿದಳು.

“ಅಣ್ಣಾ, ಖರೇ ಹೇಳು. ಇವರು ಅಲ್ಲಿ ಕುಡೀತಿದ್ರೇನು?”

ಇಲ್ಲ ಎಂದಿದ್ದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು — ಹಾಗಾದರೆ ಏನಾಯಿತು?

“ಆ ಊರು ಅಂಥಾದ್ದವ್ವಾ,” ಎಂದೆ.

ಅಷ್ಟೇ. ಹೌದು ಎನ್ನಲಿಲ್ಲ. ಮಲ್ಲಣ್ಣ ದಿಗ್ಗನೆ ತಲೆಯೆತ್ತಿದ; ತುಟಿ ಆಡಿತು. ನಾಗಮ್ಮನ ಅಳುವಿನಲ್ಲಿ ಅವನ ಪಿಸುಮಾತು ಮುಳುಗಿಹೋಯಿತು.

ಕ್ಯಾಸೆಟ್ ಕಾಲೇಜು ಹುಡುಗರ ಕೈಯಿಂದ ಕೈಗೆ ಹೋಯಿತು. ಆ ದನಿ ಹೇಗೆ ಮಾಡಿದಿರಿ ಎಂದು ಕೇಳಿದವರಿಗೆ, ಯಂತ್ರದ ಕೈಚಳಕ ಎಂದೆ. ಮುಂದೆ ಎಷ್ಟೋ ಬ್ಯಾಂಡುಗಳು ಬಂದವು. ಹೊಸ ಹಾಡುಗಾರ ಮೈಕಿನ ಮುಂದೆ ನಿಂತಾಗಲೆಲ್ಲ ಆ ಸದ್ದಿಗಾಗಿ ಕಿವಿಗೊಟ್ಟು ಕೂರುತ್ತಿದ್ದೆ — ಬಾರದಿರಲಿ ಎಂದೋ, ಬರಲಿ ಎಂದೋ — ಇವತ್ತಿಗೂ ಹೇಳಲಾರೆ.

ಮಲ್ಲಣ್ಣ ಅಫಜಲಪುರಕ್ಕೆ ಹೋಗಿ ಹಿಟ್ಟಿನ ಗಿರಣಿ ಹಾಕಿದ. ಈಚೆಗೆ ಅವನ ಮಗಳು ಹಾಡು ಕಲಿಯುತ್ತೇನೆಂದು ಹಟ ಹಿಡಿದಳಂತೆ. ನಿಮ್ಮಪ್ಪನ ಹಾಗೆ ಹಾಳಾಗುತ್ತೀಯಾ ಎಂದು ನಾಗಮ್ಮ ಅವಳ ಕೆನ್ನೆಗೆ ಹೊಡೆದಳಂತೆ. ಕೇಳಿದ ದಿನವೇ ಬಸ್ಸು ಹತ್ತಿದೆ.

ಗಿರಣಿ ಓಡುತ್ತಿತ್ತು. ಜೋಳದ ಡಬ್ಬಿ ಇಟ್ಟುಕೊಂಡು ಹೆಂಗಸರು ಕಾಯುತ್ತ ಕುಳಿತಿದ್ದರು. ಆ ಗದ್ದಲದಲ್ಲಿ ಯಾರಿಗೂ ಕೇಳಲಾರದು ಎಂಬ ಧೈರ್ಯದಿಂದಲೇ ಅವನ ಪಕ್ಕ ಕೂತು ಹೇಳಿಬಿಟ್ಟೆ — ಅವತ್ತು ನನಗೆ ಕೇಳಿಸಿತ್ತು ಎಂದು. ಅವನು ನನ್ನ ತುಟಿಗಳನ್ನೇ ನೋಡಿದ. ಕೈಚಾಚಿ ಮೋಟಾರು ಬಂದ್ ಮಾಡಿದ.

“ಈಗ ಹೇಳು,” ಎಂದು ಪಿಸುಗುಟ್ಟಿದ.

ಗಿರಣಿ ಯಾಕೆ ನಿಂತಿತೆಂದು ನಾಗಮ್ಮ ಒಳಗಿನಿಂದ ಬಂದಳು. ಅವಳ ಮುಂದೆ, ಕಾಯುತ್ತಿದ್ದ ಹೆಂಗಸರ ಮುಂದೆ, ಎಲ್ಲ ಹೇಳಿದೆ. ಅವಳು ಗಂಡನ ಕಡೆ ತಿರುಗಿದಳು.

“ಇಷ್ಟು ವರ್ಷ ನೀವರ ಯಾಕ ಹೇಳಲಿಲ್ರಿ, ಕುಡದಿಲ್ಲಂತ?”

“ಹೇಳಿದ್ದೆ,” ಎಂದ ಅವನು. “ನೀ ನಿಮ್ಮಣ್ಣನ ಮಾತು ನಂಬಿದಿ.”

ನಾಗಮ್ಮ ಹೋಗಿ ಅವನ ಕಾಲ ಬಳಿ ಕೂತಳು. ನನ್ನ ಕಡೆ ಯಾರೂ ನೋಡಲಿಲ್ಲ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ — ಅವರಲ್ಲಿ ಕ್ಷಮೆ ಬೇಡುವ ಹಕ್ಕು ನನಗಿಲ್ಲ. ನಾಳೆ ಮಟಕಿಗೆ ಹೋಗುತ್ತೇನೆ. ಮಠದ ಕಟ್ಟೆಯ ಮೇಲೆ ಊರವರು ಕೂಡುವ ಹೊತ್ತಿಗೆ ಅವರ ನಡುವೆ ನಿಂತು ಇದನ್ನೇ ಹೇಳುತ್ತೇನೆ, ಗಟ್ಟಿಯಾಗಿ.