ಗೋಲಿಗೆ ಬೆನ್ನು ಹಾಕಿದ ಡ್ರೈವರಣ್ಣ

ಕುಂತೂರಿನ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ ಟ್ರ್ಯಾಕ್ಟರ್ ಡ್ರೈವರು ಅವನು. ನಮ್ಮೂರ ಫುಟ್ಬಾಲ್ ಟೀಮಿನ ಮ್ಯಾಚಿದ್ದ ದಿನ ಲೋಡನ್ನು ಮೈದಾನದ ಅಂಚಿಗೇ ತಂದು ನಿಲ್ಲಿಸುತ್ತಿದ್ದ. ನಾವು ಎಷ್ಟೇ ಗೋಲು ಬಿಟ್ಟುಕೊಟ್ಟರೂ ಅವನ ಬಾಯಲ್ಲಿ ಒಂದೇ ಮಾತು: “ಇನ್ನೂ ಸೀಟಿ ಊದಿಲ್ಲ ಕಣ್ಲಾ.”

ನಮ್ಮೂರ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿ? ಅವನ ಲೋಡಿನಿಂದಲೇ ಕಬ್ಬು ಎಳೆದುಕೊಂಡು ಜಗಿಯುತ್ತಿದ್ದರು; ನಾವು ಸೋಲತೊಡಗಿದರೆ ಸಿಪ್ಪೆಯನ್ನು ನಮ್ಮ ಮೇಲೇ ಎಸೆಯುತ್ತಿದ್ದರು. ಎದುರು ಟೀಮಿನ ಮೇಲೆ ಒಂದು ಚೂರೂ ಬೀಳುತ್ತಿರಲಿಲ್ಲ. ಹೆಚ್ಚಿನ ಪಾಲು ಗೋಲ್‌ಕೀಪರ್ ಆಗಿದ್ದ ನನಗೆ.

ಕೊಳ್ಳೇಗಾಲದವರ ಎದುರು ಮೂರನೇ ಗೋಲು ಬಿದ್ದಾಗ, “ಇವ್ನ ಬದ್ಲು ಬೆದರ್ಬೊಂಬೆ ನಿಲ್ಸ್ರಲಾ!” ಎಂದು ಕೂಗುತ್ತಾ ಸಿಪ್ಪೆ ಸುರಿದರು. ಡ್ರೈವರಣ್ಣ ಬಂದವನೇ ನನ್ನ ಗೋಲಿನ ಹಿಂದೆ, ಆಟಕ್ಕೆ ಬೆನ್ನು ಹಾಕಿ, ಜನರಿಗೆ ಎದುರಾಗಿ ನಿಂತ.

“ನನ್ ಕಬ್ಬು ತಿಂದು ನಮ್ ಐಕ್ಳಿಗೇ ಎಸೀತೀರಾ? ಎಸೀರಿ, ನನ್ಗೆ ಎಸೀರಿ!”

ಎಸೆದರು. ಅವನು ಕದಲಲಿಲ್ಲ, ಹೆಗಲ ಟವೆಲನ್ನು ಕೊಡವಲೂ ಇಲ್ಲ. ಅಷ್ಟರಲ್ಲಿ ನಾಲ್ಕನೆಯದೂ ನನ್ನ ಕೈ ತಪ್ಪಿ ಒಳಗೆ ಹೋಯಿತು.

“ನಾಲ್ಕಾಯ್ತು ಕಣಣ್ಣ,” ಎಂದೆ.

ಅವನು ತಿರುಗಲಿಲ್ಲ. “ನಾನ್ ನೋಡ್ನಿಲ್ಲ ಕಣ್ಲಾ. ನೀನ್ ಆಡು.”